ಬಿ.ಕಾಂ. ಬ್ಯಾಚ್ ಗುಂಪಿನಲ್ಲಿ ಒಂದು ತರಬೇತಿ ಸುತ್ತೋಲೆ

ಶೈಲಾ: (ಸುತ್ತೋಲೆಯ ಫೋಟೊ) ಕೇಂದ್ರ ಸರ್ಕಾರ ಕಾಲೇಜು ಮೇಷ್ಟ್ರುಗಳಿಗೆ ನಡೆಸುವ ಮಾಳವೀಯ ಮಿಷನ್ ಅಧ್ಯಾಪಕರ ತರಬೇತಿಗೆ ಹೆಸರು ಕೊಟ್ಟಿದ್ದೇನೆ. ಅದರ 8 ವಿಷಯಗಳಲ್ಲಿ ವಿದ್ಯಾರ್ಥಿಗಳ ವೈವಿಧ್ಯ, ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಅನ್ನುವುದೂ ಒಂದು. ಗುಂಪಿನಲ್ಲಿರುವ ಮೇಷ್ಟ್ರುಗಳೆಲ್ಲ ಸೇರಿಕೊಳ್ಳಿ.

ಮಂಜು: ಬೇಜಾರು ಮಾಡಿಕೊಳ್ಳಬೇಡ ಶೈಲಾ. ಮೇಷ್ಟ್ರ ಕೆಲಸ ಪಾಠ ಮಾಡುವುದು. ಸರ್ಕಾರ ಸೀಟು ಕೊಟ್ಟಿದೆ, ಸ್ಕಾಲರ್‌ಶಿಪ್ ಕೊಟ್ಟಿದೆ. ಕ್ಲಾಸಿನೊಳಗೂ ಯಾರು ಎಲ್ಲಿಂದ ಬಂದವರು ಅಂತ ನೋಡಬೇಕಾ?

ಶೈಲಾ: ಸೀಟು ಸಿಕ್ಕಿದರೆ ಗೇಟು ದಾಟಿದ ಹಾಗಷ್ಟೇ ಕಣೋ. ಪಿಯುಸಿಯಲ್ಲಿ ಲೆಕ್ಕಶಾಸ್ತ್ರವನ್ನು ಕನ್ನಡದಲ್ಲಿ ಓದಿ ಬಂದ ಹುಡುಗಿಗೆ ಸವಕಳಿ ಚೆನ್ನಾಗಿ ಗೊತ್ತು. ನಾನು ಅದನ್ನೇ ಡಿಪ್ರಿಸಿಯೇಷನ್ ಅಂತ ಶುರು ಮಾಡಿದರೆ ತಲೆ ತಗ್ಗಿಸಿ ಕೂರುತ್ತಾಳೆ. ತಾಳೆಪಟ್ಟಿ ಹಾಕುವವಳು ಅದನ್ನೇ ಟ್ರಯಲ್ ಬ್ಯಾಲೆನ್ಸ್ ಅಂದರೆ ಗಾಬರಿಯಾಗುತ್ತಾಳೆ. ಅವಳನ್ನು ದಡ್ಡಿ ಅಂದುಕೊಂಡರೆ ತಪ್ಪು ನನ್ನದೇ ಅಲ್ವಾ? ಈಗ ಬೋರ್ಡಿನ ಒಂದು ಮೂಲೆಯಲ್ಲಿ ಎರಡೂ ಹೆಸರು ಬರೆದಿಡುತ್ತೇನೆ.

ಮಂಜು: ಒಳ್ಳೆಯದೇ. ಆದರೆ ಒಳ್ಳೆ ಮೇಷ್ಟ್ರಿಗೆ ಇದು ತಾನಾಗಿಯೇ ಹೊಳೆಯುತ್ತದೆ. ತರಬೇತಿ ಯಾಕೆ?

ಶೈಲಾ: ನನಗೆ ಹೊಳೆಯಲಿಲ್ಲ. ಕಣ್ಣು ಕಾಣದ ಹುಡುಗನೊಬ್ಬ ನನ್ನ ಕ್ಲಾಸಿನಲ್ಲಿದ್ದ. ನಾನು ಬೋರ್ಡು ತೋರಿಸುತ್ತಾ "ಇದು ಇಲ್ಲಿಗೆ ಬರುತ್ತದೆ, ಅದು ಅಲ್ಲಿಗೆ" ಅನ್ನುತ್ತಿದ್ದೆ. ಒಂದು ಸೆಮಿಸ್ಟರ್ ಪೂರ್ತಿ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇ. 5 ಸೀಟು ಇಡಬೇಕು ಅನ್ನುತ್ತದೆ. ಅವನಂಥವರಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರು ಇರುತ್ತಾರೆ, ಗಂಟೆಗೆ 20 ನಿಮಿಷ ಜಾಸ್ತಿ ಸಮಯವೂ ಉಂಟು. ಪಾಠವೇ ಕಿವಿಗೆ ಬೀಳದಿದ್ದರೆ ಆ 20 ನಿಮಿಷದಲ್ಲಿ ಏನು ಬರೆಸುತ್ತಾನೆ ಹೇಳು. ಹಿಂದಿನ ತರಬೇತಿಯಲ್ಲಿ ಕಣ್ಣು ಕಾಣದ ಅಧ್ಯಾಪಕರೊಬ್ಬರು ನನ್ನಿಂದ ಪಾಠ ಮಾಡಿಸಿ, "ಇಲ್ಲಿ ಅಂದರೆ ಎಲ್ಲಿ ಮೇಡಂ?" ಅಂತ ಕೇಳಿದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಈಗ "ಡೆಬಿಟ್ ಕಡೆ, ಬಾಡಿಗೆ, 5,000" ಅಂತ ಬಾಯಿಬಿಟ್ಟು ಹೇಳುತ್ತೇನೆ. ಹಿಂದಿನ ಬೆಂಚಿನವರೂ ಸರಿಯಾಗಿ ಬರೆದುಕೊಳ್ಳುತ್ತಾರೆ.

ರಫೀಕ್: ನಾನೂ ಮೇಷ್ಟ್ರು, ನೇರವಾಗಿ ಹೇಳುತ್ತೇನೆ. ಬಹಳ ಜನ ಬಡ್ತಿಗೆ ಸರ್ಟಿಫಿಕೇಟ್ ಬೇಕು ಅಂತ ಬರುತ್ತಾರೆ. ಆನ್‌ಲೈನ್ ಅಂದರೆ ಕ್ಯಾಮೆರಾ ಆಫ್.

ಶೈಲಾ: ನಿಜ ರಫೀಕ್. ಸುಮ್ನೆ ಭಾಷಣ ಕೇಳಿಸಿದರೆ ಆಗಲ್ಲ. ನಮ್ಮ ಪಾಠವನ್ನು ಇನ್ನೊಬ್ಬರು ಕೂತು ಕೇಳಬೇಕು, ತಪ್ಪು ತೋರಿಸಬೇಕು.

ಮಂಜು: ಉತ್ತರ ಪತ್ರಿಕೆಗೆ ಕೋಡ್ ಹಾಕಿಯೇ ವ್ಯಾಲ್ಯುಯೇಷನ್ ಮಾಡುತ್ತಾರೆ. ಯಾರ ಹೆಸರೂ ಗೊತ್ತಾಗಲ್ಲ. ಭೇದ ಎಲ್ಲಿದೆ?

ರಫೀಕ್: ಕೋಡ್ ಇರುವುದು ಥಿಯರಿಗೆ. ಇಂಟರ್ನಲ್ಸ್, ಸೆಮಿನಾರ್, ವೈವಾದಲ್ಲಿ ಮುಖ ಕಾಣುತ್ತದಲ್ಲ ಮಾರಾಯ. ದೆಹಲಿಯ ಏಮ್ಸ್ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಮೇಷ್ಟ್ರು ಬೆಂಬಲ ಕೊಡಲ್ಲ, ಪ್ರಾಕ್ಟಿಕಲ್, ವೈವಾದಲ್ಲಿ ನ್ಯಾಯ ಸಿಗಲ್ಲ ಅಂತ ದಲಿತ, ಆದಿವಾಸಿ ವಿದ್ಯಾರ್ಥಿಗಳು ಅದರಲ್ಲಿ ಹೇಳಿಕೊಂಡಿದ್ದಾರೆ. ನಾನಂತೂ ಈಗ ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ನೋಟಿಸ್ ಬೋರ್ಡಿಗೆ ಹಾಕುತ್ತೇನೆ.

ಶೈಲಾ: ನಾನೊಂದು ತಪ್ಪು ಮಾಡಿದ್ದೆ. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಸ್ಕಾಲರ್‌ಶಿಪ್ ಫಾರ್ಮ್ ಬಂದಾಗ "ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ" ಅಂದೆ. ನಮಗೂ ಹಾಗೇ ಹೇಳುತ್ತಿದ್ದರು, ಅದೇ ನನ್ನ ಬಾಯಲ್ಲೂ ಬಂತು. ಅದು ತಪ್ಪು ಅಂತ ಗೊತ್ತಾಗಿದ್ದು ತರಬೇತಿಯಲ್ಲೇ. ಈಗ ಎಲ್ಲರ ಮುಂದೆ ಯಾರನ್ನೂ ಎಬ್ಬಿಸಲ್ಲ. ಫಾರ್ಮ್, ಕೊನೆಯ ತಾರೀಕು ಎರಡನ್ನೂ ಕ್ಲಾಸ್ ಗುಂಪಿಗೆ ಹಾಕಿಬಿಡುತ್ತೇನೆ.

ಮಂಜು: ನಮ್ಮ ಕ್ಲಾಸಿನಲ್ಲಿ ಎದ್ದು ನಿಂತವರಿಗೆ ಏನೂ ಅನಿಸಿದ ಹಾಗಿರಲಿಲ್ಲ.

ರೇಣುಕಾ: ನನಗೆ ಅನಿಸಿತ್ತು ಮಂಜು. ಎರಡನೇ ವರ್ಷ ನಾನು ಎದ್ದು ನಿಲ್ಲಲಿಲ್ಲ. ಆ ವರ್ಷ ಸ್ಕಾಲರ್‌ಶಿಪ್ ಬರಲಿಲ್ಲ. ಅಪ್ಪ ಎರಡು ಮೇಕೆ ಮಾರಿ ಫೀಸು ಕಟ್ಟಿದರು.

ಮಂಜು: ರೇಣುಕಾ, ನಿನ್ನ ಪಕ್ಕದ ಸಾಲಿನಲ್ಲೇ ಕೂರುತ್ತಿದ್ದೆ. ನನಗೆ ಗೊತ್ತೇ ಆಗಲಿಲ್ಲ. ಸಂಜೆ ಫೋನ್ ಮಾಡಲಾ?

ರೇಣುಕಾ: ಮಾಡು. ಶೈಲಾ, ನಾನೂ ಹೆಸರು ಕೊಡುತ್ತೇನೆ. ಕೊನೆಯ ತಾರೀಕು ಯಾವತ್ತು?