ಸೂಪರ್‌ಮ್ಯಾನ್, ಹಲ್ಕ್: ಇಬ್ಬರ ಬಲವನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಪ್ರಶ್ನೆ (ವಿಜ್ಞಾನ ಶಿಕ್ಷಕ, ಗಂಗಾವತಿ):
ಬಲ ಮತ್ತು ಚಲನೆಯ ಪಾಠದ ನಡುವೆ ಕಾಮಿಕ್ಸ್ ಕಥೆಗಳ ವೀರರಾದ ಸೂಪರ್‌ಮ್ಯಾನ್ ಹೆಚ್ಚೋ ಹಲ್ಕ್ ಹೆಚ್ಚೋ ಎಂಬ ಜಗಳ ಎದ್ದು, ಕೊನೆಯ ಬೆಂಚಿನವನೊಬ್ಬ ‘ನಮ್ಮ ಅಂಜನಾದ್ರಿಯ ಹನುಮಪ್ಪನ ಮುಂದೆ ಇವರೆಲ್ಲ ಯಾವ ಲೆಕ್ಕ’ ಎಂದು ತರಗತಿಯನ್ನೆಲ್ಲ ನಗಿಸಿದ. ನಂಬಿಕೆಯನ್ನು ಲೆಕ್ಕಕ್ಕೆ ಎಳೆಯುವ ಇಚ್ಛೆ ನನಗಿಲ್ಲ. ಆದರೆ ಒಬ್ಬ ಕಟ್ಟಡ ಜಿಗಿಯುತ್ತಾನೆ, ಇನ್ನೊಬ್ಬ ಯುದ್ಧದ ಟ್ಯಾಂಕ್ ಎತ್ತುತ್ತಾನೆ ಎಂದಾಗ ಇಬ್ಬರನ್ನೂ ಒಂದೇ ಅಳತೆಗೆ ತರುವುದು ಹೇಗೆ?

ಉತ್ತರ (ರಾಯಚೂರು):
ಎರಡನ್ನೂ ಬಲದ ಅಳತೆಯಾದ ನ್ಯೂಟನ್‌ಗಳಲ್ಲಿ ಹೇಳಿದರಾಯಿತು, ಗುರುಗಳೇ. 1938ರಲ್ಲಿ ಮೊದಲು ಕಾಣಿಸಿಕೊಂಡ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ. ಇಪ್ಪತ್ತು ಮಹಡಿಯ ಕಟ್ಟಡವನ್ನು ಜಿಗಿದು ದಾಟುತ್ತಿದ್ದ, ಅಷ್ಟೇ. ಎತ್ತರ 60 ಮೀಟರ್, ಅವನ ತೂಕ 100 ಕೆ.ಜಿ. ಎಂದಿಟ್ಟುಕೊಂಡರೆ ನೆಲ ಬಿಡುವಾಗ ಸೆಕೆಂಡಿಗೆ ಸುಮಾರು 34 ಮೀಟರ್ ವೇಗ ಬೇಕು. ಮಡಿಸಿದ ಕಾಲು ನೆಟ್ಟಗಾಗುವ ಅರ್ಧ ಮೀಟರಿನೊಳಗೆ ಆ ವೇಗ ಬರಬೇಕಾದರೆ ಅವನು ನೆಲವನ್ನು 1.2 ಲಕ್ಷ ನ್ಯೂಟನ್ ಬಲದಿಂದ, ಅಂದರೆ 12 ಟನ್ ಭಾರದಷ್ಟು, ಒತ್ತಬೇಕಾಗುತ್ತದೆ. 40 ಟನ್ನಿನ ಟ್ಯಾಂಕನ್ನು ಬರಿದೇ ಎತ್ತಿ ಹಿಡಿಯಲು ಸುಮಾರು 4 ಲಕ್ಷ ನ್ಯೂಟನ್ ಬೇಕು. ಹೀಗಾಗಿ 1938ರ ಸೂಪರ್‌ಮ್ಯಾನ್ ಹಲ್ಕ್‌ಗೆ ಸೋಲುತ್ತಾನೆ. ನಂತರದ ಕಥೆಗಾರರು ಅವನ ಶಕ್ತಿಯನ್ನು ಮನಸ್ಸಿಗೆ ಬಂದಷ್ಟು ಏರಿಸಿದ್ದಾರೆ. ಯಾವ ಕಾಲದವನು ಎಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಜಗಳ ಮುಗಿಯದು.

ಉತ್ತರ (ಮುನಿರಾಬಾದ್):
ಲೆಕ್ಕ ಸರಿ, ಆದರೆ ಅದು ಮೇಲೆ ಕೆಳಗೆ ಒತ್ತುವ ಬಲಕ್ಕೆ ಮಾತ್ರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಸರಪಳಿ ಕಡಿದು ಕೊಚ್ಚಿಹೋಯಿತಲ್ಲ, ಆ ಜಾಗದಲ್ಲಿ ಹಲ್ಕ್‌ನನ್ನು ನಿಲ್ಲಿಸಿ ನೋಡಿ. ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ; ನೀರು ಅದರ ಅಂಚಿನವರೆಗೆ ನಿಂತರೆ ಅಡ್ಡಕ್ಕೆ ಒತ್ತುವ ಬಲ ಸುಮಾರು 33 ಲಕ್ಷ ನ್ಯೂಟನ್. ಅವನ ತೂಕ 500 ಕೆ.ಜಿ. ಇದ್ದರೂ, ಘರ್ಷಣಾಂಕವನ್ನು (ಪಾದಕ್ಕೆ ನೆಲದ ಮೇಲೆ ಸಿಗುವ ಹಿಡಿತದ ಅಳತೆ) ಧಾರಾಳವಾಗಿ 1 ಎಂದೇ ಹಿಡಿದರೂ, ಅವನ ಪಾದ 5 ಸಾವಿರ ನ್ಯೂಟನ್ ದಾಟುತ್ತಿದ್ದಂತೆಯೇ ಜಾರುತ್ತದೆ. ತೋಳಿನಲ್ಲಿ ಎಷ್ಟು ಕಸುವಿದ್ದರೇನು, ನಿಲ್ಲಲು ನೆಲ ಬೇಕಲ್ಲ! ನಿಮ್ಮೂರಿನ ರೈಸ್ ಮಿಲ್ಲಿನಲ್ಲಿ ಬೆನ್ನ ಮೇಲೆ ಭತ್ತದ ಚೀಲ ಹೊತ್ತು ಲಾರಿ ಏರುವ ಹಮಾಲಿಯನ್ನು ಗಮನಿಸಿ; ಹಲಗೆಗೆ ಬಡಿದ ಅಡ್ಡಪಟ್ಟಿಗೆ ಹೆಬ್ಬೆರಳು ಊರಿಕೊಂಡೇ ಮುಂದಿನ ಹೆಜ್ಜೆ ಎತ್ತುತ್ತಾನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಲಗೆಯ ಉದಾಹರಣೆಯನ್ನು ನಾಳೆಯೇ ಹೇಳುತ್ತೇನೆ. ಅರ್ಧ ತರಗತಿಯ ಮಕ್ಕಳ ಮನೆಯಲ್ಲಿ ಹಮಾಲಿಗಳಿದ್ದಾರೆ. ಗಾಳಿಯಲ್ಲಿ ತೇಲುತ್ತಲೇ ರೈಲು ತಡೆಯುವವನು ಹೆಬ್ಬೆರಳನ್ನು ಎಲ್ಲಿ ಊರುತ್ತಾನೆ ಎಂದು ಆ ಕೊನೆಯ ಬೆಂಚಿನವನು ಕೇಳದೆ ಬಿಡುವುದಿಲ್ಲ, ಅದಕ್ಕೂ ಯಾರಾದರೂ ಉತ್ತರ ಸಿದ್ಧಮಾಡಿಡಿ.