ವಿಡಿಯೊ ಮಾತಿನಲ್ಲಿ ‘ಫಾರ್ಮ್ಯಾಟ್’, ‘ಫ್ರೇಮ್ ರೇಟ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಯಕ್ಷಗಾನ, ತಾಳಮದ್ದಳೆಗಳನ್ನು ಮೊಬೈಲಿನಲ್ಲಿ ತೆಗೆದು ಎಡಿಟ್ ಮಾಡುವ ಹುಡುಗರಿಗೆಂದು ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಒಂದು, ‘ಫಾರ್ಮ್ಯಾಟ್’. ಯಾವ ಫಾರ್ಮ್ಯಾಟಲ್ಲಿ ತೆಗೆದಿರಿ ಎಂದು ಕೇಳಿದರೆ ಒಬ್ಬರು 4ಕೆ ಅನ್ನುತ್ತಾರೆ, ಒಬ್ಬರು ಎಂಪಿ4, ಇನ್ನೊಬ್ಬರು ಎಚ್.265. ಮೂರೂ ಬೇರೆ ಬೇರೆ. 4ಕೆ ಚಿತ್ರದ ಅಳತೆ. ಎಂಪಿ4, ಎಂಒವಿ, ಎಂಕೆವಿ ಬರೀ ಡಬ್ಬಿಗಳು (ಕಂಟೇನರ್). ಒಳಗೆ ಚಿತ್ರವನ್ನು ಹೇಗೆ ಒತ್ತಿ ತುಂಬಿದೆ ಅನ್ನುವುದು ಕೊಡೆಕ್. ಎಡಿಟಿಂಗ್ ಸಲೀಸಾಗುವುದು, ತಡವರಿಸುವುದು ಜಾಸ್ತಿ ಇದರ ಮೇಲೇ ನಿಂತಿದೆ. ಎಚ್.264, ಎಚ್.265 ಎಂಬ ಕೊಡೆಕ್‌ಗಳಲ್ಲಿ ಸಾಮಾನ್ಯವಾಗಿ ಆಗಾಗ ಒಂದು ಪೂರ್ತಿ ಚಿತ್ರ ಇರುತ್ತದೆ. ನಡುವೆ ಬರುವವುಗಳಲ್ಲಿ ಬದಲಾದ ಭಾಗ ಮಾತ್ರ. ಫೈಲು ಚಿಕ್ಕದಾಗುತ್ತದೆ ನಿಜ, ಆದರೆ ನಡುವೆ ಕತ್ತರಿಸಲು ಹೋದಾಗ ಕಂಪ್ಯೂಟರ್ ಹಿಂದಿನ ಪೂರ್ತಿ ಚಿತ್ರದಿಂದ ಲೆಕ್ಕ ಹಾಕಿಕೊಂಡು ಬರಬೇಕು. ಪ್ರೊರೆಸ್ ಎಂಬ ಇನ್ನೊಂದು ಕೊಡೆಕ್‌ನಲ್ಲಿ ಪ್ರತಿ ಚಿತ್ರವೂ ಪೂರ್ತಿ. ಫೈಲು ವಿಪರೀತ ದೊಡ್ಡದು, ಎಡಿಟಿಂಗ್ ಮಾತ್ರ ಹಗುರ.

‘ಫಾರ್ಮ್ಯಾಟ್ ಬದಲಿಸಿ’ ಎಂದು ಸುಮ್ನೆ ಬರೆದರೆ ಓದಿದವರು ಎಂಪಿ4 ಅನ್ನು ಎಂಒವಿ ಮಾಡುತ್ತಾರೆ. ಡಬ್ಬಿ ಬದಲಾಯಿತು, ಒಳಗಿನದು ಹಾಗೇ ಇದೆ! ಅದಕ್ಕೇ ಎರಡಕ್ಕೂ ಬೇರೆ ಹೆಸರು ಬೇಕೇ ಬೇಕು. ಕಂಟೇನರ್‌ಗೆ ‘ಧಾರಕ’ ಅನ್ನಬಹುದು, ಆದರೆ ನನ್ನ ಒಲವು ‘ಡಬ್ಬಿ’ಯ ಕಡೆಗೇ. ಕೊಡೆಕ್ ಹಾಗೇ ಇರಲಿ. ಎಡಿಟಿಂಗಿಗೆಂದು ಮಾಡಿಕೊಳ್ಳುವ ಹಗುರ ನಕಲಿಗೆ, ಅಂದರೆ ಪ್ರಾಕ್ಸಿ ಫೈಲಿಗೆ, ‘ಕೆಲಸದ ಪ್ರತಿ’ ಸಾಕು ಅನ್ನಿಸುತ್ತದೆ.

ಇನ್ನೊಂದು ‘ಫ್ರೇಮ್ ರೇಟ್’, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು. ಕಷ್ಟ ಇರುವುದು ಇಲ್ಲೇ. ಸೆಟ್ಟಿಂಗ್‌ನಲ್ಲಿ 30 ಎಂದಿದ್ದರೂ ಎಷ್ಟೋ ಫೋನುಗಳು ಬೆಳಕು ಕಡಿಮೆಯಾದಾಗ ಸೆಕೆಂಡಿಗೆ ಅಷ್ಟು ಚಿತ್ರ ತೆಗೆಯುವುದಿಲ್ಲ, ಮತ್ತೆ ಬೆಳಕು ಬಂದರೆ ಏರಿಸುತ್ತವೆ. ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದಿದ್ದರಂತೂ ಪ್ರಸಂಗ ಮುಂದುವರಿದ ಹಾಗೆ ಚೆಂಡೆಯ ಪೆಟ್ಟು ಒಂದು ಕಡೆ, ಕೈ ಒಂದು ಕಡೆ ಆಗಬಹುದು. ಆಟದ ಜೀವವೇ ಹೋದಂತೆ, ಅಲ್ವಾ? ಫ್ರೇಮ್ ರೇಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಕ್ಯಾಮೆರಾ ಆ್ಯಪ್ ಬಳಸಿ, ಇಲ್ಲವೇ ಎಡಿಟಿಂಗಿಗೆ ಮೊದಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ತಂತ್ರಾಂಶದಲ್ಲಿ ಸಮ ಮಾಡಿಕೊಳ್ಳಿ ಎಂದು ಬರೆದಿದ್ದೇನೆ. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಸೆಕೆಂಡಿಗೆ 25 ಚಿತ್ರ, 1/50 ಸೆಕೆಂಡಿನ ಶಟರ್ ಇಟ್ಟರೆ ರಂಗದ ದೀಪಗಳು ಮಿಣುಕುವ ತೊಂದರೆಯೂ ಕಡಿಮೆ.

ಇದಕ್ಕೆ ‘ಚೌಕಟ್ಟು ದರ’ ನನಗೆ ಹಿಡಿಸಿಲ್ಲ. ಚೌಕಟ್ಟು ಅಂದರೆ ಗೋಡೆಯ ಫೋಟೊ, ದರ ಅಂದರೆ ಬೆಲೆ ನೆನಪಾಗುತ್ತದೆ. ‘ಚಿತ್ರಗತಿ’ ಎಂದು ಇಟ್ಟುಕೊಂಡಿದ್ದೇನೆ. ಬದಲಾಗದ್ದು ‘ಸಮಗತಿ’, ಬದಲಾಗುವುದು ‘ಏರುಪೇರು ಗತಿ’. ಆದರೆ ತಾಳ ಬಲ್ಲವರಿಗೆ ಗತಿ ಎಂದರೆ ತಾಳದ ನಡೆ, ಬೇರೆಯೇ ಅರ್ಥ ಇದೆ. ಕೈಪಿಡಿ ಓದುವವರೂ ಅವರೇ. ಹಿಮ್ಮೇಳದ ಒಡನಾಟ ಇರುವವರು ಹೇಳಿ: ಈ ಪದ ಗೊಂದಲ ಮಾಡುತ್ತದೆಯೇ? ಮಾಡುತ್ತದೆ ಎಂದಾದರೆ ‘ಸೆಕೆಂಡಿಗೆ ಎಷ್ಟು ಚಿತ್ರ’ ಎಂದು ಬಿಡಿಸಿ ಬರೆಯುವುದೇ ಮೇಲೇ?