ಸಿಂಗಪುರದ ರಾತ್ರಿ: ಹತ್ತೂವರೆಯ ನಂತರ ಪ್ರವಾಸಿಗೆ ಉಳಿಯುವುದೇನು?

ಅಲೆಮಾರಿ:
ಸಿಂಗಪುರಕ್ಕೆ ಹೊರಟವರಿಗೆ ನಾವೆಲ್ಲರೂ ಸಂಜೆಯ ಆಕರ್ಷಣೆಗಳ ಉದ್ದನೆಯ ಪಟ್ಟಿಯನ್ನು ಕೊಡುತ್ತೇವೆ. ಆದರೆ ಅಲ್ಲಿನ ರಾತ್ರಿಗೂ ಒಂದು ಸರ್ಕಾರಿ ವೇಳಾಪಟ್ಟಿ ಇದೆ ಎಂಬುದನ್ನು ಹೇಳುವುದಿಲ್ಲ. ಗಾರ್ಡನ್ಸ್ ಬೈ ದ ಬೇ ಉದ್ಯಾನದಲ್ಲಿ ಮರದಾಕಾರದ ಬೃಹತ್ ಗೋಪುರಗಳಾದ ಸೂಪರ್‌ಟ್ರೀಗಳು 7.45ಕ್ಕೆ ಸಂಗೀತದೊಂದಿಗೆ ಬೆಳಗುತ್ತವೆ, 8 ಗಂಟೆಗೆ ಮರೀನಾ ಬೇಯಲ್ಲಿ ನೀರು ಮತ್ತು ಲೇಸರ್‌ಗಳ ಪ್ರದರ್ಶನ ಶುರುವಾಗುತ್ತದೆ, 10.30 ಆಯಿತೆಂದರೆ ಅಂಗಡಿಗಳಲ್ಲಿ ಮದ್ಯ ಮಾರಾಟ ನಿಲ್ಲುತ್ತದೆ. ಆಮೇಲೆ ಬೆಳಗಿನ 7ರವರೆಗೆ ನದಿಯ ದಂಡೆಯಲ್ಲಿ ಬಿಯರ್ ಕ್ಯಾನ್ ಹಿಡಿದು ಕುಳಿತವನು 1,000 ಸಿಂಗಪುರ ಡಾಲರ್‌ವರೆಗೆ ದಂಡ ತೆರಬೇಕಾಗಬಹುದು. ಇದನ್ನು ಅಚ್ಚುಕಟ್ಟಾದ ಪ್ರದರ್ಶನ ಎನ್ನಬಹುದು, ರಾತ್ರಿಜೀವನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಸಂಜೆಮಲ್ಲಿಗೆ:
ಅಲೆಮಾರಿಯವರೇ, ನೀವು ಹೇಳಿದ ಸಮಯಗಳು ಸರಿ, ತೀರ್ಮಾನ ಅವಸರದ್ದು. 10.30ರ ನಿಯಮ ಅನ್ವಯವಾಗುವುದು ಕಟ್ಟಿಸಿಕೊಂಡು ಹೋಗುವ ಮದ್ಯಕ್ಕೆ ಮತ್ತು ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದಕ್ಕೆ ಮಾತ್ರ. ಪರವಾನಗಿ ಇರುವ ಬಾರುಗಳು, ಕ್ಲಬ್ಬುಗಳು ತಮ್ಮ ಪರವಾನಗಿಯ ವೇಳೆಯವರೆಗೆ ನಡೆಯುತ್ತಲೇ ಇರುತ್ತವೆ. 1991ರಲ್ಲಿ ನದಿಯಂಚಿನ ಹಳೆಯ ಗೋದಾಮುಗಳಲ್ಲಿ ಆರಂಭವಾಗಿ ಈಗ ಕ್ಲಾರ್ಕ್ ಕೀಯಲ್ಲಿರುವ ಝೂಕ್ ಕ್ಲಬ್ಬಿಗೆ ಹೋಗುವವರು ಹತ್ತೂವರೆಗೆ ಮನೆಯಿಂದ ಹೊರಟರೂ ಬೇಗ ಹೊರಟಂತೆಯೇ.

ವೇಳಾಪಟ್ಟಿಯ ಹಿಂದೆ ಸರ್ಕಾರಕ್ಕಿಂತ ಹೆಚ್ಚಾಗಿ ಸೂರ್ಯನ ಕೈವಾಡವಿದೆ. ಸಮಭಾಜಕ ವೃತ್ತ ಅಲ್ಲಿಂದ ಸುಮಾರು 137 ಕಿಲೋಮೀಟರ್ ದೂರದಲ್ಲಿದೆ. ವರ್ಷವಿಡೀ ಸೂರ್ಯ ಮುಳುಗುವುದು ಏಳು ಗಂಟೆಯ ಆಸುಪಾಸಿನಲ್ಲಿ. ಹಗಲೆಲ್ಲ ಮೂವತ್ತು ಡಿಗ್ರಿ ದಾಟುವ ಸೆಕೆ. ಹೀಗಾಗಿ ಮಕ್ಕಳು, ಮುದುಕರು, ಕಚೇರಿಯಿಂದ ಬಂದವರು ಎಲ್ಲರೂ ಹೊರಬೀಳುವುದೇ ಏಳರ ಮೇಲೆ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋದವರಿಗೆ ದುಡ್ಡು ಕೊಡದೆ ನೋಡಬಹುದಾದ ಎರಡು ಪ್ರದರ್ಶನಗಳು ನಡೆದು ಹೋಗುವಷ್ಟು ಹತ್ತಿರದಲ್ಲಿ, ಗೊತ್ತಾದ ಹೊತ್ತಿಗೆ ಇರುವುದು ಉಪಕಾರವೇ ಹೊರತು ಕಟ್ಟುಪಾಡಲ್ಲ. ಸೂಪರ್‌ಟ್ರೀಗಳ 7.45ರ ಆಟ ಮುಗಿಸಿಕೊಂಡು ನಿಧಾನವಾಗಿ ನಡೆದು ಹೋದರೂ ಮರೀನಾ ಬೇಯಲ್ಲಿ 9 ಗಂಟೆಗೆ ಮತ್ತೆ ನಡೆಯುವ ಪ್ರದರ್ಶನಕ್ಕೆ ಧಾರಾಳ ಸಮಯವಿರುತ್ತದೆ.

ಮಂಡಾಯಿಯ ನೈಟ್ ಸಫಾರಿಯನ್ನೂ ಮರೆಯಬಾರದು. ರಾತ್ರಿ ಸಂಚರಿಸುವ ಪ್ರಾಣಿಗಳಿಗಾಗಿಯೇ ರೂಪಿಸಿದ ಜಗತ್ತಿನ ಮೊದಲ ಮೃಗಾಲಯ ಅದು, 1994ರಲ್ಲಿ ತೆರೆಯಿತು. ಬೆಳದಿಂಗಳನ್ನು ಹೋಲುವ ಮಂದ ಬೆಳಕನ್ನಷ್ಟೇ ಬಳಸುತ್ತಾರೆ, ಕ್ಯಾಮೆರಾದ ಫ್ಲ್ಯಾಶ್ ನಿಷಿದ್ಧ. ಬಹುಪಾಲು ಜನ ಟ್ರಾಮಿನಲ್ಲಿ ಒಂದು ಸುತ್ತು ಹಾಕಿ ಹಿಂತಿರುಗಿಬಿಡುತ್ತಾರೆ. ನಿಜವಾದ ಸೊಗಸು ಇರುವುದು ಕಾಲುದಾರಿಗಳಲ್ಲಿ, ಅದರಲ್ಲೂ ಮೀನು ಹಿಡಿಯುವ ಕಾಡುಬೆಕ್ಕಿನ ಹೆಸರಿನ ದಾರಿಯಲ್ಲಿ.

ಲೆಕ್ಕಿಗ:
ಬಾರುಗಳು ತೆರೆದಿರುತ್ತವೆ ಎಂಬುದು ನಿಜವಾದರೂ ಬಿಲ್ಲಿನ ಮಾತು ಯಾರೂ ಎತ್ತಿಲ್ಲ. ಎಲ್ಲರೂ ತೆರಿಗೆಯನ್ನು ದೂರುತ್ತಾರೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಬಿಯರಿನಲ್ಲಿರುವ ಶುದ್ಧ ಮದ್ಯಸಾರದ ಪ್ರತಿ ಲೀಟರಿಗೆ ಅಲ್ಲಿನ ಅಬಕಾರಿ ಸುಂಕ 60 ಡಾಲರ್. ಶೇಕಡ 5ರ ಸತ್ವವಿರುವ 330 ಮಿಲಿಲೀಟರ್ ಬಾಟಲಿಯಲ್ಲಿ ಮದ್ಯಸಾರ ಇರುವುದು 16.5 ಮಿಲಿಲೀಟರ್, ಅಂದರೆ ಸುಂಕ ಸುಮಾರು ಒಂದು ಡಾಲರ್. ಹೊಳೆಯಂಚಿನ ಬಾರಿನಲ್ಲಿ ಉಳಿದ ಹಣ ಹೋಗುವುದು ಬಹುಮಟ್ಟಿಗೆ ಬಾಡಿಗೆಗೆ, ಸಂಬಳಕ್ಕೆ ಮತ್ತು ಆ ನೋಟಕ್ಕೆ. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆಗಳಿದ್ದರೆ, ಮೊದಲು ಶೇಕಡ 10 ಸೇವಾ ಶುಲ್ಕ, ಅದು ಸೇರಿದ ಮೊತ್ತದ ಮೇಲೆ ಶೇಕಡ 9 ಜಿಎಸ್‌ಟಿ ಎಂದರ್ಥ. ನೂರು ಡಾಲರಿನ ಊಟ 119 ಡಾಲರ್ 90 ಸೆಂಟ್ ಆಗುತ್ತದೆ. ಬಜೆಟ್ ಹಾಕುವವರು ಇದನ್ನು ಮೊದಲೇ ಸೇರಿಸಿಕೊಳ್ಳಲಿ.

ಹೊಳೆದಂಡೆ:
ದಂಡದ ನಿಯಮ ಎಲ್ಲಿಂದ ಬಂತು ಎಂಬುದನ್ನು ಬಿಟ್ಟು ಅದರ ಅನುಕೂಲ ಅನನುಕೂಲಗಳನ್ನಷ್ಟೇ ತೂಗುತ್ತಿದ್ದೇವೆ. 2013ರ ಡಿಸೆಂಬರ್ 8ರ ಭಾನುವಾರ ರಾತ್ರಿ, ಭಾರತೀಯರ ಬಡಾವಣೆಯಾದ ಲಿಟಲ್ ಇಂಡಿಯಾದ ರೇಸ್ ಕೋರ್ಸ್ ರಸ್ತೆಯಲ್ಲಿ ತಮಿಳುನಾಡಿನ ಕಟ್ಟಡ ಕಾರ್ಮಿಕರೊಬ್ಬರು ಖಾಸಗಿ ಬಸ್ಸಿನಡಿ ಸಿಕ್ಕಿ ತೀರಿಕೊಂಡರು. ನೆರೆದಿದ್ದ ವಲಸೆ ಕಾರ್ಮಿಕರು ಸಿಡಿದೆದ್ದರು, ಪೊಲೀಸ್ ವಾಹನಗಳು, ಆಂಬುಲೆನ್ಸ್ ಸುಟ್ಟುಹೋದವು. ತನಿಖಾ ಸಮಿತಿಯು ಮದ್ಯವನ್ನೂ ಕಾರಣಗಳಲ್ಲೊಂದಾಗಿ ಹೆಸರಿಸಿತು. 2015ರ ಏಪ್ರಿಲ್ 1ರಿಂದ ಹೊಸ ಕಾನೂನು ಜಾರಿಗೆ ಬಂತು. ಇಡೀ ದೇಶಕ್ಕೆ 10.30ರ ಮಿತಿ, ಲಿಟಲ್ ಇಂಡಿಯಾ ಮತ್ತು ಗೇಲಾಂಗ್‌ಗಳಲ್ಲಾದರೋ ಶನಿವಾರ ಬೆಳಿಗ್ಗೆ 7ರಿಂದ ಸೋಮವಾರ ಬೆಳಿಗ್ಗೆ 7ರವರೆಗೆ ಸಾರ್ವಜನಿಕ ಸ್ಥಳದಲ್ಲಿ ಕುಡಿಯುವಂತೆಯೇ ಇಲ್ಲ.

ಈಗ ಯೋಚಿಸಿ. ವಾರಕ್ಕೊಂದೇ ರಜೆಯಿರುವ ಕೂಲಿಕಾರ ಭಾನುವಾರ ಮಧ್ಯಾಹ್ನ ಹುಲ್ಲಿನ ಮೇಲೆ ಗೆಳೆಯರೊಡನೆ ಕೂತು ಒಂದು ಬಿಯರ್ ತೆರೆದರೂ ಅಪರಾಧ. ಹೋಟೆಲಿನ ತಾರಸಿಯ ಬಾರಿನಲ್ಲಿ ಅದೇ ಹೊತ್ತಿಗೆ ಯಾವ ತೊಡಕೂ ಇಲ್ಲ. ಹಾಗಾಗಿ ಅಲೆಮಾರಿಯವರ ದೂರಿನಲ್ಲಿ ಹುರುಳಿದೆ, ದೂರುವವರು ಮಾತ್ರ ಬದಲಾಗಬೇಕು: ಈ ವೇಳಾಪಟ್ಟಿಯಿಂದ ಪ್ರವಾಸಿಗೆ ಆಗುವ ನಷ್ಟ ಅಷ್ಟಕ್ಕಷ್ಟೇ. ಭಾನುವಾರ ಸಂಜೆ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಗೆ ಹೋಗಿ ನೋಡಿ. ಊರಿಗೆ ಹಣ ಕಳಿಸುವವರು, ಫೋನಿಗೆ ಸಿಮ್ ಕೊಳ್ಳುವವರು, ಬಾಳೆಲೆ ಊಟಕ್ಕೆ ಕಾಯುವವರು, ಹೂವಿನಂಗಡಿಯ ಮುಂದೆ ಚೌಕಾಸಿ ಮಾಡುವವರು. ಸರ್ಕಾರ ಬರೆಯದ ರಾತ್ರಿ ಬೇಕೆನ್ನುವವರಿಗೆ ಅದು ಅಲ್ಲಿದೆ, ಮತ್ತು ಅದರ ಮೇಲೆಯೇ ಹೆಚ್ಚಿನ ಕಾವಲೂ ಇದೆ.

ಅಲೆಮಾರಿ:
ಹೊಳೆದಂಡೆಯವರ ಮಾತು ನನ್ನ ವಾದವನ್ನು ಬಲಪಡಿಸುತ್ತದೆಯೆಂದೇ ನಾನು ಭಾವಿಸುತ್ತೇನೆ. ಬಾರಿನೊಳಗೆ ಕೂರಲು ಹಣವಿಲ್ಲದವನಿಗೆ ರಾತ್ರಿ ಬೇಗ ಮುಗಿಯುತ್ತದೆ. ತಡವಾಗಿ ಮನೆಗೆ ಹೋಗುವವನಿಗೆ ದಾರಿಯೂ ಮುಚ್ಚುತ್ತದೆ. ವಾರಾಂತ್ಯದಲ್ಲಿ ಓಡುತ್ತಿದ್ದ ನೈಟ್‌ರೈಡರ್ ಮತ್ತು ನೈಟ್ ಔಲ್ ಬಸ್ಸುಗಳು 2020ರಲ್ಲಿ ನಿಂತವು, ಮತ್ತೆ ರಸ್ತೆಗಿಳಿಯಲಿಲ್ಲ. ಎಂಆರ್‌ಟಿ ಮೆಟ್ರೊ ರೈಲುಗಳು ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತವೆ. ನಡುರಾತ್ರಿಯಿಂದ ಬೆಳಗಿನ 6ರವರೆಗೆ ಟ್ಯಾಕ್ಸಿ ಮೀಟರಿನ ಮೇಲೆ ಅರ್ಧದಷ್ಟು ಹೆಚ್ಚುವರಿ.

ಸಂಜೆಮಲ್ಲಿಗೆ:
ಹಾಗಾದರೆ ಹಣ ಕಡಿಮೆಯಿರುವವರಿಗೆ ಒಂದು ಸಂಜೆ ಹೇಳುತ್ತೇನೆ, ಮದ್ಯದ ಹಂಗಿಲ್ಲದೆ. ಸ್ಥಳೀಯರು ಅದರ ಮುಳ್ಳು ಮುಳ್ಳಾದ ಚಾವಣಿ ನೋಡಿ ಡೂರಿಯನ್ ಎಂದು ಕರೆಯುವ ಎಸ್ಪ್ಲನೇಡ್ ಕಲಾಕೇಂದ್ರದ ಬಯಲು ರಂಗಮಂದಿರದಲ್ಲಿ ವಾರಾಂತ್ಯಗಳಲ್ಲಿ ಉಚಿತ ಸಂಗೀತ ಕಛೇರಿಗಳು ನಡೆಯುತ್ತವೆ. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಲಾವ್ ಪಾ ಸಾತ್, 1894ರ ಕಬ್ಬಿಣದ ಕಮಾನುಗಳ ಎಂಟು ಮೂಲೆಯ ಮಾರುಕಟ್ಟೆ. ಸಂಜೆ ಪಕ್ಕದ ಬೂನ್ ಟಾಟ್ ಬೀದಿಯಲ್ಲಿ ವಾಹನ ತಡೆದು, ರಸ್ತೆಯ ಮೇಲೆಯೇ ಮೇಜು ಹಾಕಿ, ಕೆಂಡದ ಮೇಲೆ ಸಾತೇ, ಅಂದರೆ ಕಡ್ಡಿಗೆ ಚುಚ್ಚಿದ ಮಾಂಸದ ತುಂಡುಗಳನ್ನು ಸುಡುತ್ತಾರೆ. ಮಾಂಸ ತಿನ್ನದವರು ಊಟವನ್ನು ಸೆರಂಗೂನ್ ರಸ್ತೆಗೇ ಇಟ್ಟುಕೊಳ್ಳುವುದು ಲೇಸು. 1947ರಿಂದ ನಡೆದು ಬಂದಿರುವ ಕೋಮಲ ವಿಲಾಸ ಅಲ್ಲಿದೆ. ಹನ್ನೊಂದೂವರೆಯ ಒಳಗೆ ರೈಲು ಹತ್ತಿಬಿಟ್ಟರೆ ಟ್ಯಾಕ್ಸಿಯ ಮಾತೇ ಬರುವುದಿಲ್ಲ.

ಲೆಕ್ಕಿಗ:
ಸಾತೇ ಬೀದಿಯಲ್ಲಿ ಕರೆ ಕರೆದು ಕೂರಿಸುವವರ ಮಾತಿಗೆ ತಲೆಯಾಡಿಸುವ ಮುಂಚೆ, ತಟ್ಟೆಯೊಂದಕ್ಕೆ ಎಷ್ಟು ಕಡ್ಡಿ, ಎಷ್ಟು ಡಾಲರ್ ಎಂದು ಕೇಳಿಯೇ ಹೇಳಿ.